ಹಗ್ಗ ಕಡಿದವಳ ಬೆನ್ನು

ಪುದೀನ — ಯಾರೋ ಪುದೀನದ ಗುಳಿಗೆ ಚೀಪುತ್ತ ಇಲ್ಲಿ ನಿಂತು ಹೋಗಿದ್ದಾರೆ, ಮೈಕಿನ ಮುಂದೆ ಕಟ್ಟಿದ ಬಟ್ಟೆಯ ಜಾಲರಿಯಲ್ಲಿ ಇನ್ನೂ ವಾಸನೆ ಕೂತಿದೆ, ಬೆಳಗಿನ ಪಾಳಿಯ ರಾಕ್ಷಸನೇ ಇರಬೇಕು, ಪಾಪ, ಅವನಿಗೆ ಸದಾ ಗಂಟಲು ಕಟ್ಟಿರುತ್ತದೆ, ಕಟ್ಟದೆ ಇನ್ನೇನು, ಹೊಟ್ಟೆಪಾಡಿಗೆ ಬೆಳಗಿಂದ ಮಧ್ಯಾಹ್ನದವರೆಗೆ ಘರ್ಜಿಸುವವನ ಗಂಟಲು — ಅವಳು ಮೂಗನ್ನು ಒಂದಿಷ್ಟು ಹಿಂದಕ್ಕೆ ತಂದಳು, ಹೆಡ್‌ಫೋನು ಎಡಗಡೆ ಬಿಗಿ, ಬಲಗಡೆ ಸಡಿಲ, ಗಾಜಿನಾಚೆ ಗಡ್ಡದವನ ಗಡ್ಡ ಅಲ್ಲಾಡುತ್ತಿದೆ, ಮಾತು ಕೇಳಿಸುತ್ತಿಲ್ಲ, ಮತ್ತೆ ಗುಂಡಿ ಒತ್ತುವುದನ್ನು ಮರೆತಿದ್ದಾನೆ ನಿರ್ದೇಶಕ ಮಹಾಶಯ, ಮರೆತರೇ ಒಳ್ಳೆಯದು — ಅಕ್ಕಾ, ಸೂಪರ್ ಆಗಿತ್ತು, ಆದ್ರೆ ಇನ್ನೊಂದು ಟೇಕ್ ತಗೊಳ್ಳೋಣ್ವಾ, ಸೂಪರ್ ಆಗಿದ್ದರೆ ಇನ್ನೊಂದು ಯಾಕಪ್ಪಾ ಅಂತ ಅವಳು ಕೇಳುವುದಿಲ್ಲ, ಕೇಳಿದರೆ ಅದಕ್ಕೊಂದು ಪುರಾಣ ಶುರುವಾಗುತ್ತದೆ, ಅವನ ತಲೆಯ ಹಿಂದಿನ ಗೋಡೆಯಲ್ಲಿ ಗಡಿಯಾರವಿದೆ, ತಲೆ ಸರಿಯಾಗಿ ಮುಳ್ಳುಗಳ ಮೇಲೆಯೇ ಇದೆ, ಬಾಗು ಮಾರಾಯ, ಸ್ವಲ್ಪ ಬಾಗು, ಐದಕ್ಕೆ ಬಸ್ಸು, ಅಮ್ಮನ ಬಸ್ಸು ಐದಕ್ಕೆ, ಅಷ್ಟರೊಳಗೆ ಮನೆಗೆ ಹೋಗಿ ಇರು ಅನ್ನಬೇಕು, ಅಥವಾ ಅನ್ನಬಾರದು, ಎರಡಕ್ಷರ, ಇರು, ಇಪ್ಪತ್ತು ವರ್ಷದಿಂದ ಈ ಬಾಯಿ ಕಂಡವರ ಮಾತನ್ನೆಲ್ಲ ಆಡಿ ಅನ್ನ ದುಡಿದಿದೆ, ರಾಣಿ, ಮಾಟಗಾತಿ, ಸಾಬೂನಿನ ಜಾಹೀರಾತಿನ ಅತ್ತೆ, ಮಾತಾಡುವ ಆಮೆ, ಅದೇ ಬಾಯಿಗೆ ಈ ಎರಡಕ್ಷರ ಬರುತ್ತಿಲ್ಲ, ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ, ನುಂಗಲೂ ಆಗದು ಉಗುಳಲೂ ಆಗದು. ಕೆಂಪು ದೀಪ ಹತ್ತುವ ಮೊದಲು ಸೈಲೆನ್ಸ್ ಮಾಮ ಎಂದಿನಂತೆ ಸೈಲೆನ್ಸ್ ಅಂದರು, ಒಳಗೆ ಅವಳೊಬ್ಬಳೇ ಇದ್ದರೂ ಅನ್ನುತ್ತಾರೆ, ಧ್ವನಿಮುದ್ರಣದ ಯಂತ್ರದ ಮುಂದೆ ಕೂತು ಕೂತು ಅವರ ಹೆಸರೇ ಅದಾಗಿ ಹೋಗಿದೆ, ಮನೆಯಲ್ಲಿ ಊಟಕ್ಕೆ ಕೂರುವ ಮೊದಲೂ ಸೈಲೆನ್ಸ್ ಅನ್ನುತ್ತಾರಂತೆ, ಹೆಂಡತಿ ಅಂದದ್ದು.

ಸಾಲು ಒಂದೇ. ಮತ್ತೆ ಅದೇ ದಿನ ಬಂದರೆ, ಮತ್ತೆ ಅದೇ ಹಗ್ಗ ಕಡಿಯುತ್ತೇನೆ. ಹಾಳೆಯಲ್ಲಿ ಅದರ ಪಕ್ಕಕ್ಕೆ ಸಣ್ಣ ಅಕ್ಷರದಲ್ಲಿ, ಬೆನ್ನು ತೋರಿಸಿ ನಿಂತಿದ್ದಾಳೆ, ಅಷ್ಟೆ, ಯಾರಿಗೆ ಬೆನ್ನು, ಯಾಕೆ ಬೆನ್ನು, ಅದೇನೂ ಇಲ್ಲ. ಇದು ಆಟ, ಪರದೆಯ ಮೇಲೆ ಮಕ್ಕಳೂ, ದೊಡ್ಡವರಾಗಲು ಒಲ್ಲದ ದೊಡ್ಡವರೂ ಊಟ ಬಿಟ್ಟು ಆಡುವ ಆಟ, ಮಂತ್ರ ಮಾಯೆ ಕತ್ತಿ ಕುದುರೆ ಎಲ್ಲ ಉಂಟು, ಅದರಲ್ಲಿ ಅವಳು ಸೇತುವೆಯ ಒಡತಿ, ಕಮರಿಯ ಈಚೆ ಕೋಟೆ, ಆಚೆಯಿಂದ ನೆರಳಿನ ಪಡೆ ಬರುತ್ತದೆ, ಮುಟ್ಟಿದವರನ್ನೆಲ್ಲ ನೆರಳು ಮಾಡಿಬಿಡುವ ಪಡೆ, ಜನ ಹಗ್ಗದ ಸೇತುವೆಯ ಮೇಲೆ ಓಡಿ ಬರುತ್ತಿದ್ದಾರೆ, ಅರ್ಧ ಜನ ದಾಟಿದ್ದಾರೆ, ಅರ್ಧ ಜನ ಇನ್ನೂ ಸೇತುವೆಯ ಮೇಲೆ, ಅವರ ಹಿಮ್ಮಡಿಗೆ ನೆರಳು, ಆಗ ಇವಳು ಕೊಡಲಿ ಎತ್ತಿ ಹಗ್ಗ ಕಡಿದಳು. ದಾಟಿದವರು ಬದುಕಿದರು. ಬಿದ್ದವರಲ್ಲಿ ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳೂ ಇದ್ದಳು. ಆ ಕೋಟೆಯವರ ದೇವರು ಒಂದು ತಕ್ಕಡಿ, ಹೆಚ್ಚು ಉಳಿಯಲಿ ಕಡಿಮೆ ಹೋಗಲಿ ಎಂಬುದು ಅವರ ಮಂತ್ರ, ತಕ್ಕಡಿ ಅಳುವುದಿಲ್ಲ ಎಂಬುದು ಗಾದೆ, ನಿನ್ನೆ ಆ ಗಾದೆಯನ್ನು ಸಿಟ್ಟಲ್ಲಿ, ಪಿಸುಮಾತಲ್ಲಿ, ನಗುತ್ತ, ಕೆಮ್ಮುತ್ತ ಎಲ್ಲ ಥರದಲ್ಲೂ ಹೇಳಿ ಆಗಿದೆ, ಅದಕ್ಕೂ ಮೊದಲು ಪೆಟ್ಟು ತಿನ್ನುವ ಹಾ, ಪೆಟ್ಟು ಕೊಡುವ ಹೂಂ, ಮೆಟ್ಟಿಲಿಂದ ಉರುಳುವ ಅಯ್ಯೋ, ಸಾಯುವ ಉಸಿರು ಚಿಕ್ಕದು, ಸಾಯುವ ಉಸಿರು ಉದ್ದದ್ದು, ಅಷ್ಟೊಂದು ಸಲ ಸತ್ತು ಮನೆಗೆ ಹೋದರೆ ಅಮ್ಮ ಸೋಫಾದ ತುದಿಯಲ್ಲಿ ಕೂತಿದ್ದಳು, ಇದೇನು ನಿನ್ ಗಂಟಲು ಹೀಗಾಗಿದೆ ಅಂದಳು, ಏನಿಲ್ಲಮ್ಮ, ಸತ್ತೆ ಅಂದಿದ್ದಕ್ಕೆ, ಥೂ ಬಿಡ್ತು ಅನ್ನು, ಅಂದಳು.

ಮತ್ತೆ ಅದೇ ದಿನ ಬಂದರೆ — ಹಲ್ಲು ಕಚ್ಚಿ, ಮೂಗಿನ ಹೊಳ್ಳೆ ಅರಳಿಸಿ, ಒಂದೊಂದು ಶಬ್ದವನ್ನೂ ಕಲ್ಲಿನ ಮೇಲೆ ಮಸೆದು ಹೇಳಿದಳು, ಗಡ್ಡದವನ ಮುಖ ಬಾಡಿತು. ಅಕ್ಕಾ, ನೀವು ಅವಳನ್ನ ತುಂಬಾ ಕೆಟ್ಟೋಳು ಮಾಡ್ತಿದೀರ. ಮಗಳನ್ನ ಕಮರಿಗೆ ಹಾಕಿದವಳು ಇನ್ನೇನಪ್ಪಾ ಒಳ್ಳೇವಳಾ. ಅದಲ್ಲ ಅಕ್ಕಾ, ಅವಳು ತಕ್ಕಡೀನ ನಂಬ್ತಾಳಾ ಇಲ್ವಾ, ಅದು ಮುಖ್ಯ, ಆಡೋ ಜನ ಇದೇ ಒಂದು ಮಾತಿಗೆ ಕಿತ್ತಾಡ್ಬೇಕು. ನೀನೇನಂತೀಯ, ನಂಬ್ತಾಳಾ. ನಂಬ್ತಾಳೆ, ಆದ್ರೆ ಒಂಥರಾ ನಂಬಲ್ಲ. ಆಹಾ, ಅಡ್ಡಗೋಡೆಯ ಮೇಲೆ ದೀಪ, ಮನೆಯಲ್ಲೂ ಒಬ್ಬ ಹೀಗೇ ಇಟ್ಟಿದ್ದಾನೆ, ಗಂಡ, ನಿಮ್ಮಮ್ಮ, ನಿನ್ನಿಷ್ಟ, ನಾಳೆ ಹೆಚ್ಚುಕಮ್ಮಿಯಾದರೆ ನಾನು ಆಗಲೇ ಅಂದಿದ್ದೆ ಅನ್ನಲು ಬೇಕಾಗುತ್ತದಲ್ಲ, ತಮ್ಮನಾದರೂ ನೇರ ಮನುಷ್ಯ, ನಿನ್ನೆ ಫೋನಿನಲ್ಲಿ ಕೂಸುಗಳೆರಡೂ ಒಟ್ಟಿಗೆ ಕಿರುಚುತ್ತಿದ್ದವು, ಅವಳಿ, ಎರಡೇ ಕೋಣೆಯ ಮನೆ, ಹೆಂಡತಿಯ ತಾಯಿ ಬೇರೆ ಬಾಣಂತನಕ್ಕೆ ಬಂದಿದ್ದಾರೆ, ಅಕ್ಕಾ, ಅಮ್ಮ ನಿನ್ ಹತ್ರಾನೇ ಇದ್ಬಿಡ್ಲಾ, ಹ್ಞೂಂ ಅಂದ್ರೆ ನಾಳೆ ಬಸ್ ಹತ್ತಿಸ್ಬೇಡ, ಇಲ್ಲಾ ಅಂದ್ರೆ ಕಳ್ಸು, ನಾನು ಹೇಗೋ ಮಾಡ್ಕೋತೀನಿ, ನಂಗೇನೂ ಬೇಜಾರಿಲ್ಲ. ಬೇಜಾರಿಲ್ಲವಂತೆ. ಬೇಜಾರು ಯಾಕಿರುತ್ತದೆ, ಅಮ್ಮನ ತೊಡೆಯ ಮೇಲೆ ಕೂತು ಹೋದವನು ಅವನು.

ತೊಡೆಯ ಮೇಲೆ ಕೂತು ಹೋದವನು, ಕಿಟಕಿ ಪಕ್ಕ ಅಮ್ಮ, ಅಮ್ಮನ ತೊಡೆಯ ಮೇಲೆ ತಮ್ಮ, ಕೆಳಗೆ ಚಿಕ್ಕಮ್ಮನ ಬೆರಳು ಹಿಡಿದು ನಿಂತಿದ್ದಾಳೆ ಏಳು ವರ್ಷದ ಅವಳು, ಅಪ್ಪ ಸತ್ತು ವರ್ಷವಾಗಿತ್ತು, ತಮ್ಮನ ಎದೆಯಲ್ಲಿ ಏನೋ ತೂತಂತೆ, ದೊಡ್ಡಾಸ್ಪತ್ರೆಯ ಊರಿಗೆ ಹೋಗಬೇಕಂತೆ, ಅಲ್ಲೇ ಬಟ್ಟೆ ಒಗೆಯುವ ಕೋಣೆಯಲ್ಲಿ ಅಮ್ಮನಿಗೆ ಕೆಲಸವಂತೆ, ಒಂದು ಮಂಚವಂತೆ, ಮನೆಯವರೆಲ್ಲ ಅವಳ ತಲೆಯ ಮೇಲಿಂದ ಮಾತಾಡುತ್ತಿದ್ದರು, ಬಸ್ಸಿನ ಎಂಜಿನ್ನು ಗುರ್ರೆನ್ನುತ್ತಿದೆ, ಅಮ್ಮ ಕೆಳಗೆ ನೋಡುತ್ತಿಲ್ಲ, ಮುಖ ಅತ್ತ, ಕಾಣುವುದು ಕತ್ತಿನ ಹಿಂಭಾಗ, ಅಲ್ಲಿ ಹಳದಿ ಕ್ಲಿಪ್ಪು, ಅದು ಜಾರಿದೆ, ನಾಲ್ಕು ಕೂದಲಿಗೆ ನೇತುಬಿದ್ದಿದೆ, ಈಗ ಬೀಳುತ್ತದೆ ಈಗ ಬೀಳುತ್ತದೆ, ಅಮ್ಮಾ ಕ್ಲಿಪ್ಪು ಅನ್ನಬೇಕು ಅಂತ ಅವಳು ಬಾಯಿ ತೆರೆದಿದ್ದಾಳೆ, ಚಿಕ್ಕಮ್ಮ ಕೈ ಅಲ್ಲಾಡಿಸುತ್ತಾಳೆ, ಟಾಟಾ ಮಾಡು ಪುಟ್ಟೀ, ಟಾಟಾ ಮಾಡು, ಅವಳು ಟಾಟಾ ಮಾಡಿದಳು, ಕತ್ತಿಗೆ, ಕ್ಲಿಪ್ಪಿಗೆ, ಬಸ್ಸು ಹೊರಟಿತು. ಅಮ್ಮ ತಿರುಗಲಿಲ್ಲ. ನಾಲ್ಕು ವರ್ಷ. ಚಿಕ್ಕಮ್ಮ ಕೆಟ್ಟವಳಲ್ಲ, ಬಾಯಿ ಮಾತ್ರ ಜೋರು, ತನ್ನ ಮೂವರ ಜೊತೆ ನಾಲ್ಕನೆಯದಕ್ಕೂ ಸಮವಾಗಿ ಬೈದು ಸಮವಾಗಿ ಬಡಿಸಿದಳು, ಆ ಮನೆಯಲ್ಲೇ ಅವಳು ಎಲ್ಲರ ಧ್ವನಿ ಕದಿಯಲು ಕಲಿತದ್ದು, ಚಿಕ್ಕಮ್ಮನ ಬೈಗುಳ, ಹಾಲಿನವನ ಕೂಗು, ಹಾಸಿಗೆಗೆ ಹೋದ ಮೇಲೆ ಹೊದಿಕೆಯೊಳಗೆ ಅಮ್ಮನ ಧ್ವನಿ ಮಾಡಿ ತನಗೆ ತಾನೇ ಅಂದುಕೊಳ್ಳುವುದು, ಮಲ್ಕೋ ಪುಟ್ಟೀ, ಸಾಕು ಮಲ್ಕೋ. ಆಮೇಲೆ ಎಷ್ಟೆಲ್ಲ ಧ್ವನಿ ಮಾರಿದಳು, ಅದೊಂದನ್ನು ಮಾತ್ರ ಯಾವ ಮೈಕಿನ ಮುಂದೆಯೂ ಎತ್ತಿಲ್ಲ.

ಅಕ್ಕಾ, ರೆಡೀನಾ. ಹ್ಞೂಂ. ಸೈಲೆನ್ಸ್. ಈ ಸಲ ಒಡತಿ ನಂಬುವುದಿಲ್ಲ ಅಂದುಕೊಳ್ಳೋಣ, ತಕ್ಕಡಿ ಗಿಕ್ಕಡಿ ಎಲ್ಲ ನೆಪ, ಹೆದರಿ ಹಗ್ಗ ಕಡಿದು ಈಗ ದೇವರ ಬೆನ್ನ ಹಿಂದೆ ಅಡಗಿದ್ದಾಳೆ, ಮತ್ತೆ ಅದೇ ದಿನ ಬಂದರೆ, ಧ್ವನಿ ಇಳಿಸಿ, ಕೊನೆಗೆ ಸ್ವಲ್ಪ ನಡುಗಿಸಿ, ಮತ್ತೆ ಅದೇ ಹಗ್ಗ — ಅಕ್ಕಾ, ಈಗ ಕುಂಬಳಕಾಯಿ ಕಳ್ಳಿ ಥರ ಕೇಳಿಸ್ತಿದೆ, ಹೆಗಲು ಮುಟ್ಟಿ ನೋಡ್ಕೊಂಡಂಗೆ. ಮಾಮ ನಕ್ಕರು. ಬೇಗ ಏನಾದ್ರೂ ನಂಬ್ಬಿಡಿ ತಾಯಿ, ನನ್ ಟೀ ಆರ್ತಿದೆ. ಅವಳಿಗೆ ನಗು ಬರಲಿಲ್ಲ, ಸಿಟ್ಟು ಬಂತು, ಗಡ್ಡದ ಮೇಲೆ, ಟೀಯ ಮೇಲೆ, ಒಡತಿಯ ಮೇಲೆ, ಈ ಸಾಲು ಬೆಳಗ್ಗೆ ಕೇಳಿದ ಸಾಲು, ಅದನ್ನು ಇವರಿಗೆ ಹೇಗೆ ಹೇಳುವುದು, ಇದೇ ಸಾಲನ್ನು ಬೆಳಗ್ಗೆ ನಮ್ಮ ಅಡುಗೆಮನೆಯಲ್ಲಿ ಒಬ್ಬರು ಒಂದೇ ಟೇಕಿನಲ್ಲಿ ಹೇಳಿ ಮುಗಿಸಿದರು ಅಂತ. ಬಾಗಿಲ ಪಕ್ಕ ಬ್ಯಾಗು ಆಗಲೇ ಜಿಪ್ ಎಳೆದುಕೊಂಡು ನಿಂತಿತ್ತು, ಅಮ್ಮ ಸಿಂಕಿನ ಮುಂದೆ ಹಾಲಿನ ಪಾತ್ರೆ ಉಜ್ಜುತ್ತಿದ್ದಳು, ಬೇಡಮ್ಮ ನಾನು ಮಾಡ್ತೀನಿ ಅಂದರೆ ಕೇಳುವವಳಲ್ಲ, ಮಗಳು ಬೀನ್ಸಿನ ನಾರು ತೆಗೆಯುತ್ತ ಕೂತಿದ್ದಳು, ಮೂವತ್ತೈದು ವರ್ಷ ಕೇಳದಿದ್ದದ್ದು ಬೀನ್ಸಿನ ನಾರಿನ ಹಾಗೆ ತಾನಾಗಿಯೇ ಎದ್ದು ಬಂತು, ಅಮ್ಮಾ, ನನ್ನೇ ಯಾಕೆ ಬಿಟ್ಟೋದೆ. ನಲ್ಲಿ ಸುರಿಯುತ್ತಲೇ ಇತ್ತು. ನೀನು ಗಟ್ಟಿ ಇದ್ದೆ. ಅವನು ಇರ್ಲಿಲ್ಲ. ಇದ್ದಿದ್ದು ಒಂದು ಮಂಚ. ಪಾತ್ರೆ ತಿರುವಿ ಹಾಕಿದಳು. ಇನ್ನೊಂದ್ಸಲ ಹಂಗೇ ಬಂದ್ರೂ ಹಂಗೇ ಮಾಡೋಳು ನಾನು. ಅಷ್ಟೆ. ಕ್ಷಮಿಸು ಇಲ್ಲ, ಪಾಪ ಇಲ್ಲ, ಏನಾದರೊಂದು ಇಲ್ಲ, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಅವಳು ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು, ನಂಗೆ ರೆಕಾರ್ಡಿಂಗ್ ಇದೆ, ಬಂದ್ಮೇಲೆ ನೋಡೋಣ. ನೀ ಬರೋದು ತಡ ಆದ್ರೆ ನಾನೇ ಹೋಗ್ತೀನಿ ಬಿಡು, ಕೀ ಪಕ್ಕದ್ಮನೇಲಿ ಕೊಟ್ಟಿರ್ತೀನಿ, ಬೀನ್ಸ್ ಫ್ರಿಜ್ಜಲ್ಲಿ ಇಟ್ಟಿರ್ತೀನಿ. ಬೀನ್ಸಂತೆ.

ಒಂದು ನಿಮಿಷ ಹೊರಗೆ ಬನ್ನಿ ಅಕ್ಕಾ, ನಿಮಗೊಂದು ತೋರಿಸ್ತೀನಿ, ಚಿತ್ರ ಇವತ್ತೇ ಬಂತು ಕಂಪನಿಯಿಂದ. ದಪ್ಪ ಬಾಗಿಲು ಉಸಿರು ಬಿಟ್ಟು ತೆರೆಯಿತು, ಹೊರಗೆ ಟೀಯ ವಾಸನೆ, ಬಿಸಿಯಾದ ಯಂತ್ರದ ವಾಸನೆ, ಗಡಿಯಾರ ಕಂಡಿತು, ನಾಲ್ಕಾಗಲು ಇನ್ನೂ ಸ್ವಲ್ಪ ಇದೆ, ಇಲ್ಲಿಂದ ಮನೆಗೆ ಅರ್ಧ ಗಂಟೆ, ಹೋಗಿ ಏನನ್ನಲಿ, ಇರು ಅಂದರೆ ದಿನಾ ಬೆಳಗ್ಗೆ ಸಿಂಕಿನ ಮುಂದೆ ಆ ಬೆನ್ನು, ಇರಬೇಡ ಅಂದರೆ ಕತ್ತು ಕ್ಲಿಪ್ಪು ಬಸ್ಸು, ಅತ್ತ ದರಿ ಇತ್ತ ಪುಲಿ — ನೋಡಿ ಅಕ್ಕಾ, ಇಲ್ಲಿ. ಪರದೆಯಲ್ಲಿ ಮಂಜು, ಕಲ್ಲಿನ ಮೆಟ್ಟಿಲು, ಆಟ ಆಡುವವರು ನಡೆಸುವ ಕತ್ತಿ ಹಿಡಿದ ಹೆಣ್ಣು ಮೆಟ್ಟಿಲು ಹತ್ತುತ್ತಿದೆ, ಮೇಲೆ ಕಮರಿಯ ಅಂಚಿನಲ್ಲಿ ಒಂದು ಕಂಬ, ಕಂಬಕ್ಕೆ ಕಡಿದ ಹಗ್ಗದ ತುಂಡು, ಅದರ ಮುಂದೆ ಒಡತಿ, ಬೆನ್ನು ಮಾತ್ರ, ನರೆತ ಜಡೆ. ಇದು ಯಾರ ಜೊತೆ ಕಾದಾಟ, ಅಂದಳು. ಕಾದಾಟ ಎಲ್ಲಿದೆ ಅಕ್ಕಾ, ಅದು ಅವಳ ಮಗಳು. ಯಾರು. ಆಟ ಆಡ್ತಾರಲ್ಲ, ಆ ಹುಡುಗಿ, ಅವಳೇ, ಬೀಳೋವಾಗ ಹಗ್ಗದ ತುದಿ ಸಿಕ್ಕಿ ಬದುಕಿರ್ತಾಳೆ, ಆಟ ಪೂರ್ತಿ ಆಡ್ದೋರ್ಗೂ ಇಲ್ಲಿವರ್ಗೆ ಗೊತ್ತಾಗಲ್ಲ, ಜನ ಇಲ್ಲಿ ಅಳ್ತಾರೆ ನೋಡಿ, ಅವನು ಲಡ್ಡು ಗೆದ್ದ ಮಗುವಿನ ಹಾಗೆ ಬೀಗುತ್ತಿದ್ದಾನೆ, ಅಯ್ಯೋ ಪುಣ್ಯಾತ್ಮ, ಮೊದಲೇ ಹೇಳ್ಬಾರ್ದಿತ್ತೇನೋ. ಕಥೆ ಹೊರಗೆ ಹೋಗ್ಬಾರ್ದು ಅಂತ ಕಂಪನಿಯವರು ಬಿಟ್ಟಿರಲಿಲ್ಲ ಅಕ್ಕಾ, ಹಾಳೆ ಬೇರೆ ಫೈಲ್ ನಂಬರ್ ಪ್ರಕಾರ ಬಂದಿತ್ತಲ್ಲ. ಹೌದು, ಫೈಲ್ ನಂಬರ್, ಆಟದ ಸಾಲುಗಳು ಯಾವತ್ತೂ ಕಥೆಯ ಪ್ರಕಾರ ಬರುವುದಿಲ್ಲ, ಮೊದಲು ಹಾ ಹೂಂ ಅಯ್ಯೋ, ಆಮೇಲೆ ಬಿಡಿ ಬಿಡಿ ಮಾತು, ಎಲ್ಲಿಯದೋ ತಲೆ ಎಲ್ಲಿಯದೋ ಬಾಲ, ಅವಳು ಸಾಯುವ ಉಸಿರಿನ ಕೆಳಗೆ ಈ ಸಾಲನ್ನು ನೋಡಿ, ಸೋತ ವೈರಿಯ ಮುಂದೆ ಹೇಳುವ ಪೊಗರು ಅಂದುಕೊಂಡಳು, ಇಷ್ಟು ವರ್ಷದ ಅನುಭವ, ಆದರೂ ಎಡವಿದಳು. ಮೂರು ಹಾಳೆ ಆಚೆ ಇದ್ದ, ನೀನು ಬದುಕಿದ್ದೀಯಾ, ಅದನ್ನು ನಿನ್ನೆ ಕೊಂಕು ನಗೆಯಲ್ಲಿ ಎತ್ತಿ ಎಸೆದಿದ್ದಳು, ಇನ್ನೂ ಸತ್ತಿಲ್ಲವೇನೋ ಅನ್ನುವ ಹಾಗೆ, ಗಡ್ಡದವನು ಅದನ್ನು ಇಲ್ಲಿ ಕೂರಿಸಿ ತೋರಿಸಿದ, ಮಗಳ ಹೆಜ್ಜೆ ಸದ್ದು ಕೇಳುತ್ತದೆ, ಒಡತಿ ತಿರುಗುವುದಿಲ್ಲ, ಹೆಜ್ಜೆಯಲ್ಲೇ ಗುರುತು ಹಿಡಿಯುತ್ತಾಳೆ, ನೀನು ಬದುಕಿದ್ದೀಯಾ, ಆಮೇಲೆ ಗಾಳಿ, ಆಮೇಲೆ ಹತ್ತಿರ ಬರಬೇಡ, ಆಮೇಲೆ ಈ ಸಾಲಿನ ಜಾಗ ಖಾಲಿ, ಆಮೇಲೆ ಪರದೆಯ ಕೆಳಗೆ ಆಡುವವರು ಒಂದನ್ನು ಒತ್ತಬೇಕಾದ ಮೂರು ಚೌಕ, ಕ್ಷಮಿಸು, ಕೊಲ್ಲು, ಏನೂ ಹೇಳದೆ ಹೋಗು. ಆ ನಗು, ಅವಳದೇ ನಗು, ಹೆಡ್‌ಫೋನಿಲ್ಲದೆಯೂ ಕಿವಿಯಲ್ಲಿ ಕೂತಿದೆ, ಬದುಕಿ ಬಂದ ಮಗಳ ಮುಖಕ್ಕೆ ಎಸೆದ ನಗು.

ಮತ್ತೆ ಒಳಗೆ. ಬಾಗಿಲು ಮುಚ್ಚಿತು, ಕಿವಿಯಲ್ಲಿ ತನ್ನದೇ ರಕ್ತದ ಸದ್ದು, ಎಲ್ಲಿಯದೋ ತಲೆ ಎಲ್ಲಿಯದೋ ಬಾಲ, ಯಾಕೆ, ನನ್ನ ಹಾಳೆ ಯಾರು ಜೋಡಿಸಿದ್ದು — ಬಸ್ಸು ಮೊದಲು ಬಂತು, ಆಮೇಲೆ ನಾಲ್ಕು ವರ್ಷ ಬಂತು, ಇವತ್ತು ಬೆಳಗ್ಗೆ ನಲ್ಲಿಯ ಸದ್ದಿನ ನಡುವೆ ಒಂದು ಸಾಲು ಬಂತು, ನಡುವೆ ಎಲ್ಲೋ ತಮ್ಮನ ಮದುವೆಯಲ್ಲಿ ಎಲ್ಲರೂ ನಕ್ಕ ಒಂದು ಮಾತು, ಅವಳೂ ನಕ್ಕಿದ್ದಳು, ನಕ್ಕು ಮರೆತಿದ್ದಳು, ತಮ್ಮ ಕೈಯಲ್ಲಿ ಲೋಟ ಹಿಡಿದು ಹೇಳಿದ್ದ, ನಮ್ಮಮ್ಮನ ಕೈ ಏನು ಸಾಮಾನ್ಯ ಅನ್ಕೊಂಡ್ರಾ, ಅವತ್ತು ಬಸ್ಸಲ್ಲಿ ನನ್ ತೊಡೆ ಹೆಂಗೆ ಹಿಡ್ದಿದ್ಲು ಅಂದ್ರೆ, ಆಸ್ಪತ್ರೇಲಿ ಡಾಕ್ಟ್ರು ಮಗು ಮೈಮೇಲೆ ಇದೇನಮ್ಮ ಐದು ಬೆರಳು ನೀಲಿಗಟ್ಟಿದೆ ಅಂತ ಬೈದ್ರಂತೆ, ನಾನು ದಾರಿ ಪೂರ್ತಿ ಅತ್ರೂ ಬಿಡ್ಲಿಲ್ಲವಂತೆ. ಐದು ಬೆರಳು. ಯಾರೂ ಮಗುವನ್ನು ಸುಮ್ಮನೆ ಹಾಗೆ ಹಿಡಿಯುವುದಿಲ್ಲ, ಎದೆ ನೆಟ್ಟಗಿಲ್ಲದ ಮಗುವನ್ನು, ಜೀವಕ್ಕಿಂತ ಹೆಚ್ಚಾಗಿ ನೋಡಿಕೊಂಡ ಮಗುವನ್ನು. ಆ ಮಾತು ಮದುವೆಯ ಹಾಳೆಯದಲ್ಲ, ಬಸ್ಸಿನ ಹಾಳೆಯದು, ಕತ್ತು, ಕ್ಲಿಪ್ಪು, ಅದರ ಪಕ್ಕದಲ್ಲೇ ಬರಬೇಕಾದದ್ದು, ಕೆಳಗೆ ನಿಂತವಳಿಗೆ ಕಿಟಕಿಯಿಂದ ಕೆಳಗಿದ್ದ ಕೈ ಕಾಣಲಿಲ್ಲ. ತಿರುಗಿದ್ದರೆ ಅಮ್ಮ ಇಳಿದುಬಿಡುತ್ತಿದ್ದಳು. ಅದು ಅವಳಿಗೆ ಗೊತ್ತಿತ್ತು, ಅದಕ್ಕೇ ಹಿಡಿದುಕೊಂಡಳು, ಇಳಿದರೆ ಅವನು ಸಾಯುತ್ತಾನೆ, ನೀನು ಗಟ್ಟಿ ಇದ್ದೆ, ಇದ್ದಿದ್ದು ಒಂದು ಮಂಚ, ಸುಳ್ಳಲ್ಲ, ಯಾವುದೂ ಸುಳ್ಳಲ್ಲ, ನಂಬಿದ್ದಾಳೆ, ಇವತ್ತಿಗೂ ನಂಬಿದ್ದಾಳೆ, ನಂಬಿಯೂ ಮಗಳ ಮುಖ ನೋಡಿ ಹೇಳಲು ಆಗಿಲ್ಲ, ಬೆಳಗ್ಗೆಯೂ ಅದಕ್ಕೇ ಉಜ್ಜಿದ್ದೇ ಉಜ್ಜಿದಳು, ಆಗಲೇ ಬೆಳ್ಳಗಾಗಿದ್ದ ಪಾತ್ರೆಯನ್ನು. ಅಯ್ಯೋ ಅಮ್ಮ. ಅವಳಿಗೆ ಅಳು ಬಂತು, ಸಿಟ್ಟೂ ಬಂತು, ಒಂದು ಸಲ ತಿರುಗಿದ್ದರೆ ಏನಾಗುತ್ತಿತ್ತು ಅನ್ನುವ ಏಳು ವರ್ಷದವಳ ಸಿಟ್ಟು, ಅದು ಹೋಗಲಿಲ್ಲ, ಹೋಗುವುದೂ ಇಲ್ಲ, ಅಳು ಬಂದು ಅದರ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತಿತು.

ಮಾಮ, ಸ್ವಲ್ಪ ಲೆವೆಲ್ ಏರಿಸಿ. ಅವಳು ಮೈಕಿಗೆ ಬೆನ್ನು ಹಾಕಿ ನಿಂತಳು. ತಾಯಿ, ಮೈಕು ಈ ಕಡೆ ಇದೆ. ಗೊತ್ತು ಮಾಮ. ಹಂಗೆ ನಿಂತ್ರೆ ಗೋಡೆಗೆ ಹೇಳ್ದಂಗಾಗುತ್ತೆ, ಮಾತು ಡಬ್ಬಿಯೊಳಗಿಂದ ಬಂದಂಗೆ ಬರುತ್ತೆ. ಬರ್ಲಿ. ಗಡ್ಡದವನು ಏನೋ ಹೇಳಹೊರಟ, ಗುಂಡಿ ಬಿಟ್ಟ. ಎದುರಿಗೆ ಗೋಡೆ, ಬೂದು ಬಣ್ಣದ ಸ್ಪಂಜಿನ ತುಂಡುಗಳು, ಒಂದರ ಮೂಲೆ ಕಿತ್ತುಬಂದಿದೆ, ಕೆಂಪು ದೀಪ ಈಗ ಕಾಣುವುದಿಲ್ಲ, ಹತ್ತಿತೋ ಇಲ್ಲವೋ, ಬಲಗೈ ತಾನಾಗಿ ತೊಡೆಗೆ ಹೋಯಿತು, ಐದು ಬೆರಳೂ ಊರಿದವು, ಹಿಡಿದಳು, ಇನ್ನೂ ಹಿಡಿದಳು, ಹಿಂದೆ ಮೆಟ್ಟಿಲ ಮೇಲೆ ಯಾರೋ ಬಂದು ನಿಂತಿದ್ದಾರೆ, ಏಳು ವರ್ಷದವಳು, ಬಾಯಿ ತೆರೆದಿದ್ದಾಳೆ, ಏನೋ ಹೇಳಬೇಕೆಂದಿದ್ದಾಳೆ, ತಿರುಗಬಾರದು, ತಿರುಗಿದರೆ ಮುಗಿಯಿತು — ಮತ್ತೆ ಅದೇ ದಿನ ಬಂದರೆ, ಅಂದಳು, ಬಂದ ಧ್ವನಿ ಒಡತಿಯದಲ್ಲ, ಹೊದಿಕೆಯೊಳಗಿನದು, ಮಲ್ಕೋ ಪುಟ್ಟೀ ಅನ್ನುತ್ತಿದ್ದದ್ದು, ಯಾವತ್ತೂ ಮಾರದಿದ್ದದ್ದು, ಮತ್ತೆ ಅದೇ ಹಗ್ಗ ಕಡಿಯುತ್ತೇನೆ. ಹೆಡ್‌ಫೋನಿನಲ್ಲಿ ಬರಿಯ ಗಾಳಿ. ತಿರುಗಿ ನೋಡಿದರೆ ಗಡ್ಡದವನು ಹಿಂದಕ್ಕೆ ಒರಗಿ ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಾನೆ, ಒರಗಿದ್ದರಿಂದ ಗಡಿಯಾರ ಪೂರ್ತಿ ಕಾಣುತ್ತಿದೆ, ನಾಲ್ಕೂ ಇಪ್ಪತ್ತು. ಅಕ್ಕಾ, ಇದೇ, ಇದೇ, ಈಗ ನೀನು ಬದುಕಿದ್ದೀಯಾನೂ ಇದೇ ಥರ ಇನ್ನೊಂದು — ನಾಳೆ. ಅಕ್ಕಾ, ಒಂದೇ ಒ — ನಾಳೆ ಕಣೋ, ಬದುಕಿದ್ರೆ, ಅವಳು ಹೆಡ್‌ಫೋನು ಕಿತ್ತು ಸ್ಟ್ಯಾಂಡಿಗೆ ಎಸೆದಳು, ಮಾಮ ಅದರ ಬೆಲೆ ಗೊತ್ತಾ ತಾಯಿ ಅಂತ ಕೂಗಿದ್ದು ಬಾಗಿಲಿನ ಆಚೆ ಉಳಿಯಿತು.

ಫೋನು ಹೊಡೆದುಕೊಳ್ಳುತ್ತಿದೆ, ಅಮ್ಮ ಎತ್ತುತ್ತಿಲ್ಲ, ಬ್ಯಾಗಿನ ತಳದಲ್ಲಿ ಸ್ವೆಟರಿನೊಳಗೆ ಸುತ್ತಿಟ್ಟಿರುತ್ತಾಳೆ, ಕಳ್ಳರು ಎತ್ತಬಾರದೆಂದು, ಕಳ್ಳರಿಗಿರಲಿ ಅವಳಿಗೇ ಸಿಗುವುದಿಲ್ಲ, ಪಕ್ಕದ ಮನೆಗೆ ಮಾಡಿದಳು, ಅವರು ಎತ್ತಿದರು, ಹ್ಞೂಂ, ಈಗಷ್ಟೇ ಕೀ ಕೊಟ್ಟು ಹೋದ್ರು, ಊಟ ಮಾಡ್ಕೊಂಡ್ರಾ ಅಂತ ಕೇಳ್ದೆ, ನನ್ ಮಗಳು ಗಟ್ಟಿಗಿತ್ತಿ, ಒಬ್ಬಳೇ ಎಲ್ಲಾ ನೋಡ್ಕೋತಾಳೆ ಅಂದ್ರು, ನಾನು ಕೇಳಿದ್ದೇನು ಅವ್ರು ಹೇಳಿದ್ದೇನು, ಅವಳು ಫೋನಿಟ್ಟಳು, ಟ್ಯಾಕ್ಸಿಯವನೇ ಮನೆಗಲ್ಲ, ಬಸ್‌ಸ್ಟ್ಯಾಂಡಿಗೆ, ಮೊದ್ಲೇ ಹೇಳ್ಬಾರ್ದಾ ಮೇಡಂ ಎಡಕ್ಕೆ ತಗೋತಿದ್ದೆ, ಮೊದಲೇ ಹೇಳಬಾರದಾ, ಎಲ್ಲರದೂ ಇದೇ ಮಾತು ಇವತ್ತು, ಕೆಂಪು ದೀಪ, ಇಲ್ಲೂ ಕೆಂಪು ದೀಪ, ಒಬ್ಬ ಗಾಜು ತುಂಬಿದ ಕೈಗಾಡಿಯನ್ನು ಮೆಲ್ಲಗೆ, ಎಷ್ಟು ಮೆಲ್ಲಗೆ, ರಸ್ತೆ ದಾಟಿಸುತ್ತಿದ್ದಾನೆ, ಗಾಜಿನಲ್ಲಿ ಮೋಡ, ಟ್ಯಾಕ್ಸಿ, ಅವಳ ಮುಖ ತುಂಡು ತುಂಡಾಗಿ ಹೋಗುತ್ತಿದೆ, ಇರು, ಇರು, ಅವಳು ತುಟಿ ಅಲ್ಲಾಡಿಸಿ ನೋಡಿದಳು, ಇರಮ್ಮ, ಇದ್ದುಬಿಡು, ಎಲ್ಲಿಗೂ ಹೋಗಬೇಡ, ಎಲ್ಲ ಟೇಕೂ ಕೆಟ್ಟದಾಗಿದೆ, ಒಂದು ಜಾಹೀರಾತಿನ ಅತ್ತೆಯ ಹಾಗೆ, ಒಂದು ಆಮೆಯ ಹಾಗೆ, ಅಮ್ಮನ ಮುಂದೆ ನಿಂತು ಯಾವ ಚೌಕ ಒತ್ತಬೇಕು, ಕ್ಷಮಿಸು ಅನ್ನುವುದು ದೊಡ್ಡ ಮಾತು, ಅಷ್ಟು ದೊಡ್ಡದು ಅವಳ ಹತ್ತಿರ ಇಲ್ಲ, ಕೊಲ್ಲು ಯಾವತ್ತೂ ಇರಲಿಲ್ಲ, ಏನೂ ಹೇಳದೆ ಹೋಗು, ಅದನ್ನು ಬೆಳಗ್ಗೆ ಒತ್ತಿ ಬಂದದ್ದಾಯಿತು. ಇಳಿದಳು, ಚಿಲ್ಲರೆ ನೀನೇ ಇಟ್ಕೋ, ಓಡಿದಳು, ಡೀಸೆಲ್ಲಿನ ಹೊಗೆ, ಕಡಲೆಕಾಯಿ ಸಿಪ್ಪೆ, ಸಾಲು ಬಸ್ಸು, ಎಲ್ಲದರ ಮೂತಿಯೂ ಒಂದೇ, ಯಾವುದಪ್ಪಾ ಐದರ ಬಸ್ಸು, ಅದೋ ಮೇಡಂ, ಗುರ್ರ್ ಅಂತಿದೆಯಲ್ಲ, ಅದೇ, ಗುರ್ರೆನ್ನುತ್ತಿದೆ, ಕಂಡಕ್ಟರು ಬಾಗಿಲಲ್ಲಿ ನಿಂತು ಬಸ್ಸಿನ ಮೈಗೆ ಬಡಿಯುತ್ತಿದ್ದಾನೆ, ನಾಲ್ಕನೆಯ ಕಿಟಕಿ, ಗಾಜು ಅರ್ಧ ಸರಿದಿದೆ, ಒಳಗೆ ಅಮ್ಮ.

ಮುಖ ಅತ್ತ. ತೊಡೆಯ ಮೇಲೆ ಯಾರೂ ಇಲ್ಲ, ಬ್ಯಾಗು ಇದೆ, ಕೈ ಕಾಣುವುದಿಲ್ಲ, ಬ್ಯಾಗನ್ನು ಹಿಡಿದಿದೆಯೋ ತನ್ನ ಮಂಡಿಯನ್ನೇ ಹಿಡಿದಿದೆಯೋ, ಕಾಣುವುದು ಕತ್ತಿನ ಹಿಂಭಾಗ, ತೆಳ್ಳಗಾದ ಕತ್ತು, ಬೆಳ್ಳಗಾದ ಕೂದಲು, ಕ್ಲಿಪ್ಪು ಹಳದಿಯಲ್ಲ, ಕಂದು, ಅವಳೇ ಮೊನ್ನೆ ಸ್ನಾನದ ಮನೆಯ ಗೂಡಿಂದ ತೆಗೆದುಕೊಟ್ಟದ್ದು, ಅವಳದೇ ಕ್ಲಿಪ್ಪು, ತೆಳ್ಳನೆಯ ಕೂದಲಿಗೆ ನಿಲ್ಲದೆ ಜಾರಿದೆ, ನಾಲ್ಕು ಕೂದಲಿಗೆ ನೇತುಬಿದ್ದಿದೆ. ಅಮ್ಮ ತಿರುಗಿಲ್ಲ, ಕೆಳಗೆ ಓಡಿ ಬಂದವಳ ಹೆಜ್ಜೆ ಈ ಎಂಜಿನ್ನಿನ ಸದ್ದಿನಲ್ಲಿ ಕೇಳಿಸುತ್ತದೆಯೇ, ಕೇಳಿಸಿದರೂ ತಿರುಗುವವಳಲ್ಲ, ಕಂಡಕ್ಟರು ಇನ್ನೊಮ್ಮೆ ಬಡಿದ, ಹೋಗ್ಲೀ ರೈಟ್, ಇರು ಅನ್ನಬೇಕು, ಈಗಲೇ ಅನ್ನಬೇಕು, ಅವಳು ಬಾಯಿ ತೆರೆದಳು, ಬಾಯಿಯಿಂದ ಬಂದದ್ದು ಬೇರೆ, ಮೂವತ್ತೈದು ವರ್ಷದಿಂದ ನಾಲಿಗೆಯ ತುದಿಯಲ್ಲಿ ಕಾದು ಕೂತಿದ್ದದ್ದು, ಅಮ್ಮಾ, ಕ್ಲಿಪ್ಪು ಜಾರ್ತಿದೆ, ಅಮ್ಮಾ, ಎಷ್ಟು ಜೋರಾಗಿ ಕೂಗಿದಳೆಂದರೆ ಕಂಡಕ್ಟರಿನ ಕೈ ಬಸ್ಸಿನ ಮೈಮೇಲೆ ಹಾಗೇ ನಿಂತಿತು, ಬಸ್ಸು ಅಲ್ಲಾಡಿತು, ನಿಂತಿತು, ಒಳಗಿಂದ ಒಂದು ಕೈ ಮೇಲೆ ಬಂತು, ಸಾಬೂನಿಗೆ ಸೋಡಾಕ್ಕೆ ಸವೆದ ಕೈ, ಆಸ್ಪತ್ರೆಯ ಹಾಸಿಗೆಬಟ್ಟೆಗಳನ್ನೆಲ್ಲ ಒಗೆದ ಕೈ, ಕತ್ತಿನ ಹಿಂದೆ ತಡವಿತು, ಹುಡುಕಿತು, ಕ್ಲಿಪ್ಪು ಸಿಕ್ಕಿತು, ಐದು ಬೆರಳೂ ಅದನ್ನು ಹಿಡಿದುಕೊಂಡವು, ಏರಿಸಲೂ ಇಲ್ಲ, ತೆಗೆಯಲೂ ಇಲ್ಲ, ಹಿಡಿದ ಕೈ ಹಿಡಿದ ಹಾಗೇ ಇದೆ, ಕತ್ತು ತಿರುಗಿಲ್ಲ, ಇನ್ನೂ ತಿರುಗಿಲ್ಲ, ಕ್ಲಿಪ್ಪಿನ ಮೇಲೆ ಕೈ, ಕ್ಲಿಪ್ಪಿನ ಮೇಲೆ ಅಮ್ಮನ ಕೈ